ಮೂವತ್ತೊಂದು ರಿವೆಟ್‌ಗಳು

1946ರ ಜೂನ್ 14, ಬೆಳಿಗ್ಗೆ 7.10. ವಾಷಿಂಗ್ಟನ್ ಕರಾವಳಿಯ ಪೋರ್ಟ್ ಹಾಲ್ಡನ್ ಠಾಣೆಗೆ ಬಂದರಿನ ಕಾವಲುಗಾರ ಎಮೆಟ್ ಏದುಸಿರು ಬಿಡುತ್ತ ಬಂದ.

"ಧಕ್ಕೆಗೆ ಕಟ್ಟಿದ್ದ ಸ್ಮಾರಕದ ವಿಮಾನ ಮುಳುಗೋಯ್ತು ಸಾರ್! ಭಾನುವಾರ ಮೇಯರ್ ಬಂದು ಫಲಕ ತೆರೀಬೇಕಿತ್ತು."

"ನೀನೆಲ್ಲಿದ್ದೆ?" ಇನ್ಸ್‌ಪೆಕ್ಟರ್ ಥೋರ್ಸನ್ ಕೇಳಿದರು.

"ಒಂದ್ ಗಳಿಗೆ... ಕಾಫಿಗೆ ಹೋಗಿದ್ದೆ."

ದೂರು ದಾಖಲಾಯಿತು. ಅದು ನೌಕಾಪಡೆಯ ಗಸ್ತು ಬಾಂಬರ್. ದೋಣಿಯಂಥ ಒಡಲು, ಕಡಲ ಮೇಲೇ ಇಳಿಯುತ್ತಿತ್ತು. ಯುದ್ಧದಲ್ಲಿ ದಿನವಿಡೀ ಹಾರಿ ಶತ್ರುವಿನ ಸಬ್‌ಮರೀನ್ ಹುಡುಕಿತ್ತು, ಮುಳುಗುವವರನ್ನು ಎತ್ತಿ ತಂದಿತ್ತು. ತಗಡಿಗೆ ತಗಡನ್ನು ರಿವೆಟ್ ಮೊಳೆಗಳಿಂದ ಬಿಗಿದು ಕಟ್ಟಿದ್ದು ಇದೇ ಊರಿನ ಕಾರ್ಖಾನೆ. 'ಒಂದು ರಿವೆಟ್ ಕೂಡ ಕೈಕೊಡಲಿಲ್ಲ' ಎಂದು ಫಲಕದಲ್ಲಿ ಕೆತ್ತಿಸಿದ್ದರು. ಕೆತ್ತಿಸುವುದಕ್ಕೇನು, ಕಂಚು ಬೇಡವೆನ್ನುತ್ತದೆಯೇ?

ಕಡಲ ಇಳಿತದ ಹೊತ್ತಿಗೆ, 11.40ಕ್ಕೆ, ಸ್ಥಳ ತಪಾಸಣೆ ನಡೆಯಿತು. ತಳದ ಒಂದೇ ತಗಡಿನಿಂದ ಮೂವತ್ತೊಂದು ರಿವೆಟ್‌ಗಳನ್ನು ಒಳಗಿನಿಂದ ಕೊರೆದು ತೆಗೆಯಲಾಗಿತ್ತು. ತೂತುಗಳ ಅಂಚಿನಲ್ಲಿ ಒಂದು ಗೀರೂ ಇರಲಿಲ್ಲ.

"ಪುಂಡರ ಕೆಲಸ ಅಲ್ಲ ಸಾರ್, ಕಸುಬಿನವರದ್ದು" ಎಂದ ಕಾನ್‌ಸ್ಟೆಬಲ್ ಮಿಲ್ಸ್.

ಕಾರ್ಖಾನೆ ಮುಚ್ಚಿತ್ತು. ಅಲ್ಲಿ ಫೋರ್‌ಮನ್ ಆಗಿದ್ದ ಗ್ರೋವರ್ ಹ್ಯಾಚ್ ಈಗ ಸಮಾರಂಭ ಸಮಿತಿಯ ಅಧ್ಯಕ್ಷ. ಯಾವ ತಗಡಿಗೆ ಯಾರು ರಿವೆಟ್ ಹೊಡೆದರೆಂಬ ಹಳೆಯ ಪಾಳಿ ಪುಸ್ತಕವನ್ನು ತೆರೆದ.

"ಆಲ್ಮಾ ಕ್ವಿಸ್ಟ್. ಗಂಡ ಯುದ್ಧದಲ್ಲಿ ಸತ್ತಮೇಲೆ ಅವಳ ತಲೆ ನೆಟ್ಟಗಿಲ್ಲ ಬಿಡಿ."

ನಾಲ್ಕು ಗಂಟೆಗೆ ಥೋರ್ಸನ್, ಮಿಲ್ಸ್ ಜೊತೆ ಹೋಗಿ ತಟ್ಟಿದಾಗ ಆಲ್ಮಾ ಬಾಗಿಲು ತೆರೆದಳು. ಮೇಜಿನ ಮೇಲಿನ ಕಾಫಿ ಡಬ್ಬಿಯಲ್ಲಿ ಮುರಿದ ರಿವೆಟ್‌ಗಳಿದ್ದವು.

"ಯಾಕಮ್ಮ ಹೀಗ್ ಮಾಡಿದ್ರಿ?" ಥೋರ್ಸನ್ ಕೇಳಿದರು.

"ನಾನು ಹೊಡೆದಿದ್ದನ್ನ ಮಾತ್ರ ತೆಗ್ದೆ. ಈ ರಿವೆಟ್‌ನ ಐಸ್ ಪೆಟ್ಟಿಗೆಯಿಂದ ತೆಗೆದ ಕೂಡ್ಲೆ ಹೊಡೀಬೇಕು ಸಾರ್. ಹೊರಗೆ ಉಳಿದ್ರೆ ಗಟ್ಟಿಯಾಗುತ್ತೆ, ಆಮೇಲೆ ಹೊಡೆದ್ರೆ ಬಿರುಕು ಬಿಡುತ್ತೆ. ಎಸೀಬೇಕು. ಹ್ಯಾಚ್ ಎಸೆಯೋಕೆ ಬಿಡ್ಲಿಲ್ಲ. 'ವಿಮಾನ ಇವತ್ತೇ ಹೊರಡ್ಬೇಕು, ಬಾಯ್ಮುಚ್ಕೊಂಡು ಹೊಡಿ' ಅಂದ. ಹೊಡೆದೆ. ಈ ವಿಮಾನ ಒಂದಕ್ಕೇ ಅಲ್ಲ."

"ನಿಮ್ಮ ಗಂಡ?"

"ನಿಲ್ಸ್ ಹತ್ತಿದ್ದೂ ನಮ್ಮ ಕಾರ್ಖಾನೆ ವಿಮಾನಾನೇ. 'ಪೆನ್ಸಿಲ್ ಕಳ್ಸು' ಅಂತ ಬರೆದ. ಕಾಗದ ಬರೆಯೋಕೆ ಇರ್ಬೇಕು ಅಂತ ಖುಷಿಪಟ್ಟು ಒಂದು ಡಜನ್ ಕಳ್ಸಿದೆ. ಅವನ ಜೊತೆ ಇದ್ದವನೊಬ್ಬ ಬದುಕಿ ಬಂದ. ಕಡಲ ಮೇಲೆ ಇಳಿಯೋವಾಗ ರಿವೆಟ್ ಹಾರಿಹೋದ ತೂತಿಗೆ ಪೆನ್ಸಿಲ್ ಬಡಿದು ನೀರು ತಡೀತಿದ್ರಂತೆ." ಆಲ್ಮಾ ಡಬ್ಬಿಯ ಮುಚ್ಚಳ ಹಾಕಿದಳು. "ಆವತ್ತು ಹನ್ನೆರಡು ಸಾಕಾಗ್ಲಿಲ್ವಂತೆ."

5.20ಕ್ಕೆ ಬಂಧನ ದಾಖಲಾಯಿತು.

"ಹ್ಯಾಚ್ ಹೆಸರೂ ಬರೀತೀರಾ?" ಆಲ್ಮಾ ಕೇಳಿದಳು.

"ಬರೀತೀನಮ್ಮ."

ಥೋರ್ಸನ್ ಬರೆದರು. ಆದರೆ ಕೇಸು ಸಾರ್ವಜನಿಕ ಆಸ್ತಿಗೆ ಹಾನಿ ಮಾಡಿದ್ದು. ಆರೋಪಿ ಒಬ್ಬಳೇ. ಹೇಳಿಕೆಗೆ ಸಹಿ ಹಾಕಿಸಲು ಮಿಲ್ಸ್ ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ಚಾಚಿದ. ಆಲ್ಮಾ ಕೈ ಹಿಂದೆಳೆದುಕೊಂಡಳು. ಥೋರ್ಸನ್ ತಮ್ಮ ಪೆನ್ ಕೊಟ್ಟರು.