ಅಗಳಿನ ಕೊಕ್ಕರೆ, ಬಯಲಿನ ಚಿಗರೆ

ಸೂರ್ಯೋದಯದ ಹೊತ್ತಿಗೆ ಕೊಕ್ಕರೆಯೊಂದು ಕೆಂಗಲ್ಲುದುರ್ಗದ ಮೂಡಣ ಅಗಳಿನ ನಟ್ಟನಡುವೆ ಇಳಿದು ನಿಂತಿತು. ಕಲಕು ನೀರು ಅದರ ಮೊಣಕಾಲನ್ನೂ ಮುಟ್ಟಲಿಲ್ಲ.

ಕೋಟೆಯ ಮೇಲಿದ್ದ ಮುದಿ ಕಾವಲುಗಾರ ದುಗ್ಗಯ್ಯ ಬಗ್ಗಿ ನೋಡಿದ. ಶತ್ರು ದಾಟದಂತೆ ತೋಡಿದ ಆ ಕಂದಕದಲ್ಲಿ ಎರಡಾಳುದ್ದ ನೀರಿರಬೇಕಿತ್ತು. ಗೋಡೆಯ ದುರಸ್ತಿಯೆಂದು ಹದಿನೈದು ದಿನ ಅವನನ್ನು ಆ ಕಡೆಯಿಂದ ತೆಗೆದಿದ್ದರು; ಮರಳಿ ಬಂದು ಮೂರು ದಿನ. ಇಪ್ಪತ್ತು ವರ್ಷ ಆಚೆ ದಡದ ಬಯಲಿನಲ್ಲಿ ತಪ್ಪದೆ ಮೇಯುತ್ತಿದ್ದ ಚಿಗರೆಯ ಹಿಂಡು ಆ ಮೂರು ದಿನವೂ ಬಂದಿರಲಿಲ್ಲ. ಹುಲ್ಲು ಹಸಿರಾಗಿಯೇ ಇತ್ತು.

ಅವನು ನೇರವಾಗಿ ಓಲಗಕ್ಕೆ ಹೋಗಿ ನಾಯಕನ ಮುಂದೆ ಅಡ್ಡಬಿದ್ದ. ಅಗಳನ್ನು ಯಾರೋ ತುಂಬಿದ್ದಾರೆ, ಆಚೆಯ ಮೆಳೆಯಲ್ಲಿ ಶತ್ರುಗಳು ಅಡಗಿದ್ದಾರೆ, ಇಂದೋ ನಾಳೆಯೋ ದುರ್ಗ ಕೈತಪ್ಪುತ್ತದೆ ಎಂದು ಕೊಕ್ಕರೆ, ಚಿಗರೆಗಳನ್ನು ಸಾಕ್ಷಿಯಾಗಿಟ್ಟು ಅರಿಕೆ ಮಾಡಿದ.

ನಾಯಕನ ಭಾವಮೈದ, ದಳವಾಯಿ ಕೆಂಚರಸ, ನಕ್ಕ. ಅದು ಮಳೆ ತಂದ ಹೂಳು ಎಂದ.

"ದುಗ್ಗಯ್ಯನವರು ಈಗ ಹಕ್ಕಿಶಕುನ ಹೇಳುತ್ತಾರೆ, ಪ್ರಭು. ಕಾವಲು ಬಿಡಿಸಿ ಗುಡಿಯ ಮುಂದೆ ಕೂರಿಸೋಣ."

ನಾಯಕನೂ ಮುಗುಳ್ನಕ್ಕ. "ನಿನ್ನ ಎರಡು ಸಾಕ್ಷಿಗಳಲ್ಲಿ ಯಾವುದು ಹೆಚ್ಚು, ದುಗ್ಗಯ್ಯ?"

"ಕೊಕ್ಕರೆ ಬಂದು ಹೇಳಿತು, ಪ್ರಭು. ಚಿಗರೆ ಬಾರದೆ ಹೇಳಿತು. ಚಿಗರೆಯೇ ಹೆಚ್ಚು."

"ಸುಳ್ಳಾದರೆ?"

"ನನಗೆ ಈಜು ಬಾರದು. ಅಗಳಿಗೆ ಇಳಿಯುತ್ತೇನೆ. ಪ್ರಭುಗಳು ಮೇಲಿಂದ ನೋಡಬೇಕು."

ನಾಯಕ ಎದ್ದ. ಪರಿವಾರವೆಲ್ಲ ಅವನ ಹಿಂದೆ ಕೋಟೆಗೋಡೆ ಹತ್ತಿತು.

ದುಗ್ಗಯ್ಯ ದಿಡ್ಡಿಬಾಗಿಲಿಂದ ನೀರಿಗಿಳಿದು ನಡೆದ. ಕೊಕ್ಕರೆ ಹಾರಿತು. ಅದು ನಿಂತಿದ್ದಲ್ಲಿ ನೀರು ಅವನ ಮೀನಖಂಡಕ್ಕೆ ಬಂತು. ಬಗ್ಗಿ, ಕಾಲಡಿಯ ಕಲ್ಲೊಂದನ್ನು ಎರಡೂ ಕೈಯಿಂದ ಎತ್ತಿ ಹಿಡಿದ. ಉಳಿಯ ಹೊಸ ಗುರುತು ಬಿಸಿಲಿಗೆ ಬೆಳ್ಳಗೆ ಕಂಡಿತು. ದುರಸ್ತಿಗೆಂದು ದಳವಾಯಿ ತರಿಸಿದ್ದ ಕಲ್ಲು ಅದು.

ನಾಯಕ ಭಾವಮೈದನ ಕಡೆ ತಿರುಗಿದ.

"ಸಾಕು, ಮೇಲೆ ಬಾ," ಎಂದು ಕೆಂಚರಸ ಕೂಗಿದ.

"ಚಿಗರೆಯ ಮಾತು ಉಳಿದಿದೆ, ದಳವಾಯಿಗಳೇ."

ದುಗ್ಗಯ್ಯ ಕಲ್ಲನ್ನು ಕೆಳಗಿಟ್ಟು, ಆಚೆ ದಡ ಹತ್ತಿ, ಮೆಳೆಯ ಕಡೆಗೆ ನಡೆದ. ಓಡಲಿಲ್ಲ. ಹತ್ತು ಹೆಜ್ಜೆಗೆ ಮೆಳೆಯಿಂದ ಮೂರು ಬಾಣ ಬಂದವು. ಮೂರೂ ಎದೆಗೆ ನಾಟಿದವು.

ಕೆಂಚರಸನ ಕತ್ತಿಯನ್ನು ನಾಯಕ ತಾನೇ ಕಿತ್ತುಕೊಂಡ. ಸಂಜೆಯೊಳಗೆ ಮೆಳೆಯಲ್ಲಿದ್ದ ಇನ್ನೂರು ಮಂದಿ ಹತರಾದರು. ಕೆಂಚರಸನನ್ನು ದಿಡ್ಡಿಬಾಗಿಲಿಗೆ ತೂಗುಹಾಕಿದರು. ಅಗಳಿನ ಕಲ್ಲು ತೆಗೆಯಲು ಆರು ದಿನ ಹಿಡಿಯಿತು. ದುಗ್ಗಯ್ಯನನ್ನು ಅವನು ಬಿದ್ದಲ್ಲಿಯೇ ಹೂಳಿ, ಆ ಕಲ್ಲುಗಳಲ್ಲೊಂದನ್ನು ತಲೆಯ ದಿಕ್ಕಿಗೆ ನೆಟ್ಟರು.

ಎಂಟನೆಯ ದಿನ ಚಿಗರೆಗಳು ಮೇಯಲು ಬಂದವು.