ಆಯಿಯ ಒಡಪಿಗೆ ಕತ್ತರಿ

"ಏ ತೃಪ್ತಿ, ಆಯಿ ಕಪ್ಪಿ ಆಗ್ಯಾಳ ನೋಡ ಬಾಬೇ!"

ಅಣ್ಣ ಸಮ್ಮೇದ ಫೋನನ್ನು ಕಿವಿಗೆ ಒತ್ತಿಕೊಂಡು ನಗುತ್ತಿದ್ದ. ನಗುವುದೆಂದರೆ ಎಂಥ ನಗು! ಮಂಚದಿಂದ ಉರುಳಿ ನೆಲಕ್ಕೆ ಬಿದ್ದ, ಬಿದ್ದಲ್ಲೇ ನಗು ಮುಂದುವರಿಸಿದ.

ತೃಪ್ತಿ ಫೋನ್ ಕಸಿದುಕೊಂಡು ಕೇಳಿದಳು. ಅಯ್ಯಯ್ಯೋ, ನಿಜ! ಅವಳ ಅಜ್ಜಿ ಸೋನಾಬಾಯಿಯ ದನಿ, ಓಣಿಯ ಆ ತುದಿಯಿಂದ ಕರೆದರೂ ಈ ತುದಿಗೆ ಕೇಳುವ ಆ ಗಟ್ಟಿ ದನಿ, ಡಬ್ಬಿಯೊಳಗೆ ಕೂತ ಕಪ್ಪೆಯ ಹಾಗೆ ವಟರ್ ವಟರ್ ಎನ್ನುತ್ತಿತ್ತು.

"ನಿನ್ನೆ ಚಲೋ ಇತ್ತೋ ಅಣ್ಣಾ!"

"ಏನ ಮಾಡಿದಿ ಅದಕ್ಕ?"

"ಏನೂ ಇಲ್ಲ. ಬರೇ ಕಟ್ ಮಾಡೀನಿ."

ವಿಷಯ ಏನೆಂದರೆ, ಜುಗೂಳದ ಅವರ ಶಾಲೆಯಲ್ಲಿ ಅವತ್ತು ಸಂಜೆಯೇ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ. ದೀಪಾಲಿ ಟೀಚರ್ ಹೊಸ ಐಟಮ್ ಇಟ್ಟಿದ್ದರು. ಮಕ್ಕಳು ಮನೆಯ ಹಿರಿಯರ ದನಿಯನ್ನು ರೆಕಾರ್ಡ್ ಮಾಡಿ ತರಬೇಕು, ಟೀಚರ್ ಅದನ್ನು ದೊಡ್ಡ ಸ್ಪೀಕರಿನಲ್ಲಿ ಊರಿಗೆಲ್ಲ ಕೇಳಿಸುತ್ತಾರೆ. ಆದರೆ ಅರ್ಧ ನಿಮಿಷಕ್ಕಿಂತ ಉದ್ದ ಇರಬಾರದು. ಇದ್ದರೆ ಹಚ್ಚುವುದೇ ಇಲ್ಲ ಎಂದು ಟೀಚರ್ ಬೆರಳು ಅಲ್ಲಾಡಿಸಿ ಹೇಳಿದ್ದರು.

ತೃಪ್ತಿ ಆರಿಸಿಕೊಂಡದ್ದು ಆಯಿಯ ಒಡಪು. ಆಯಿ ಅಂದರೆ ಅಜ್ಜಿ. ಮನೆಯವರೆಲ್ಲ ಹಾಗೇ ಕರೆಯುವುದು. ಆಯಿ ಯಾವತ್ತೂ ಗಂಡನ ಹೆಸರು ಹೇಳಿದವಳಲ್ಲ. ದವಾಖಾನೆಯಲ್ಲಿ "ಗಂಡನ ಹೆಸರೇನ್ರಿ?" ಎಂದರೂ ಅಷ್ಟೆ, "ಏ ತೃಪ್ತಿ, ನಿಮ್ಮಜ್ಜನ ಹೆಸರ ಹೇಳಬೇ" ಎಂದು ಮೊಮ್ಮಗಳನ್ನು ಮುಂದೆ ತಳ್ಳುತ್ತಾಳೆ. ಒಡಪಿನಲ್ಲಿ ಮಾತ್ರ ಹೇಳಬಹುದು. ಪ್ರಾಸ ಕಟ್ಟಿ, ಸುತ್ತಿ ಬಳಸಿ, ಕೊನೆಗೆ ಹೆಸರು!

ಮೊನ್ನೆ ಪಕ್ಕದ ಮನೆಯ ಅಕ್ಕುತಾಯಿಯ ಅಂಗಳದಲ್ಲಿ ಹಪ್ಪಳ ಮಾಡುವಾಗ ಹೆಂಗಸರೆಲ್ಲ ಸೇರಿ ಕಾಡಿದ್ದಕ್ಕೆ ಆಯಿ ಒಡಪು ಹೇಳಿದ್ದಳು. ತೃಪ್ತಿ ಮೊದಲು ತನ್ನದೊಂದು ಪುಟ್ಟ ಭಾಷಣ ಹೇಳಿ, ಅದರ ಹಿಂದೆಯೇ ಒಡಪನ್ನು ಅಕ್ಕುತಾಯಿಯ ಫೋನಿನಲ್ಲೇ ರೆಕಾರ್ಡ್ ಮಾಡಿ, ಆಮೇಲೆ ಅವ್ವನ ಫೋನಿಗೆ ಹಾಕಿಕೊಂಡಿದ್ದಳು. ಅಷ್ಟಕ್ಕೇ ಸುಮ್ಮನಿದ್ದಳೇ? "ಅಜ್ಜಾ, ಗ್ಯಾದರಿಂಗಿನ್ಯಾಗ ಆಯಿ ನಿನ್ನ ಹೆಸರ ಹೇಳತಾಳ!" ಎಂದು ಅಜ್ಜನಿಗೂ ಹೇಳಿಬಿಟ್ಟಿದ್ದಳು. ಎಲ್ಲದಕ್ಕೂ ಬರೀ "ಹೂಂ" ಎನ್ನುವ ಅಜ್ಜ ಬೆಳಿಗ್ಗೆಯೇ ದಾಡಿ ಮಾಡಿಸಿಕೊಂಡು, ಇಸ್ತ್ರಿ ಮಾಡಿದ ಬಿಳಿ ಟೋಪಿ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದ.

ಈಗ ನೋಡಿದರೆ ಒಡಪು ಹೇಳುತ್ತಿರುವುದು ಕಪ್ಪೆ.

"ಎಷ್ಟ ಸಲ ಕಟ್ ಮಾಡಿದಿ?" ಸಮ್ಮೇದ ಕೇಳಿದ.

"ನಾಯಿ ಬೊಗಳಿದ್ದು ತಗದೆ, ಸೇವ್ ಮಾಡಿದೆ. ಕುಕ್ಕರ್ ಸೀಟಿ ತಗದೆ, ಸೇವ್ ಮಾಡಿದೆ. ಯಾರೋ ಸೀನಿದ್ದು ತಗದೆ, ಮತ್ತ ಸೇವ್. ಪ್ರತಿ ಸಲ 'ಸ್ಮಾಲ್ ಸೈಜ್' ಒತ್ತೀನಿ, ಫೈಲ್ ಹಗುರ ಆಗ್ಲಿ ಅಂತ."

ಸಮ್ಮೇದ ಹಣೆ ಹಣೆ ಬಡಿದುಕೊಂಡ. "ಯವ್ವಾ ತಾಯಿ! ಹಂಗ ಸೇವ್ ಮಾಡಿದಾಗೊಮ್ಮೆ ಆ್ಯಪ್ ದನೀನ ಹಿಂಡತೈತಿ. ರಸ ತಗದ ಕಬ್ಬ ಮತ್ತ ಮತ್ತ ಮಿಷನ್‌ಗೆ ಹಾಕಿದರ ಏನ ಉಳಿತೈತಿ?"

"ಸಿಪ್ಪಿ," ಎಂದಳು ತೃಪ್ತಿ ಸಣ್ಣ ದನಿಯಲ್ಲಿ.

"ಮತ್ತ ಅಜ್ಜನ ಹೆಸರ ಎಲ್ಲೈತಿ ಇದ್ರಾಗ?"

ತೃಪ್ತಿ ಮತ್ತೆ ಹಚ್ಚಿ ಕೇಳಿದಳು. ಒಡಪು "ನಕ್ಕರ ಖಾಸ" ಎಂಬಲ್ಲಿಗೇ ಮುಗಿದುಹೋಗಿತ್ತು. ನಿನ್ನೆ ಕಟ್ ಮಾಡುವಾಗ ಅಲ್ಲಿಂದ ಮುಂದೆ ಸ್ಕ್ರೀನಿನ ಮೇಲೆ ಬರೀ ಚಪ್ಪಟೆ ಗೆರೆ ಕಂಡಿತ್ತು. ಒಡಪು ಮುಗಿಯಿತು ಎಂದುಕೊಂಡು ಅವಳೇ ಕಚಕ್ಕನೆ ಕತ್ತರಿಸಿದ್ದಳು.

"ಒರಿಜಿನಲ್ ಫೈಲ್ ತಗಿ."

"'ರಿಪ್ಲೇಸ್?' ಅಂತ ಕೇಳ್ತು. 'ಓಕೆ' ಅಂದೆ."

ಇಬ್ಬರೂ ಅಡುಗೆಮನೆಗೆ ಓಡಿದರು. ಆಯಿ ರೊಟ್ಟಿ ಬಡಿಯುತ್ತಿದ್ದಳು.

"ಆಯಿ, ಇನ್ನೊಮ್ಮೆ ಒಡಪ ಹೇಳ!"

"ಗಂಡನ ಹೆಸರ ಏನ್ ಪುಟಾಣಿ ಶೇಂಗಾ ಏನ್ರಲೇ, ಕೇಳಿದಾಗೊಮ್ಮೆ ಮುಷ್ಟಿ ತುಂಬ ಕೊಡಾಕ? ನಡೀರಿ ಅತ್ತಾಗ!" ಹಿಟ್ಟಿನ ಕೈ ಮೇಲೆದ್ದಿತು. ಇಬ್ಬರೂ ಬಂದ ಬಾಗಿಲಲ್ಲೇ ಹೊರಬಿದ್ದರು.

ತೃಪ್ತಿಯ ಕಣ್ಣು ತುಂಬಿಬಂತು. ಹೊರಗೆ ಕಟ್ಟೆಯ ಮೇಲೆ ಅಜ್ಜ ಟೋಪಿ ಸರಿ ಮಾಡಿಕೊಳ್ಳುತ್ತಿದ್ದ. ಅವನಿಗೆ ಏನು ಹೇಳುವುದು? ಕಪ್ಪೆ ಬಂತು, ನಿನ್ನ ಹೆಸರು ಬರಲಿಲ್ಲ ಅಂತಲೇ?

"ಅಕ್ಕುತಾಯಿ ಫೋನ್!" ಸಮ್ಮೇದ ಕೂಗಿದ. ಓಡಿದರು ನೋಡಿ! ಒಬ್ಬರ ಕಾಲಲ್ಲೂ ಚಪ್ಪಲಿ ಇರಲಿಲ್ಲ.

ಅಕ್ಕುತಾಯಿ ಹೊಸ್ತಿಲಲ್ಲಿ ಕೂತು ಫೋನ್ ಮೇಲೆ ಟಕಟಕ ಬೆರಳಾಡಿಸುತ್ತಿದ್ದಳು. "ಬರ್ರಿ ಬರ್ರಿ. ಫೋನ್ ಫುಲ್ ಆಗೇತಿ. ಗುಡ್ ಮಾರ್ನಿಂಗ್ ಗುಲಾಬಿ, ಗುಡ್ ನೈಟ್ ಚಂದ್ರ, ಎಲ್ಲಾ ಡಿಲೀಟ್ ಮಾಡಾಕತ್ತೀನಿ."

"ಬ್ಯಾಡ್ರಿ ಅಕ್ಕುತಾಯೀ!" ತೃಪ್ತಿ ಕಿರುಚಿದ ರಭಸಕ್ಕೆ ಜಗಲಿಯ ಕೋಳಿ ಹಾರಿ ಗೋಡೆ ಏರಿತು. "ಆಯಿ ಒಡಪಾ?"

"ಅದನ್ನ ಡಿಲೀಟ್ ಮಾಡಾಕ ನನಗೇನ ಹುಚ್ಚ ಹಿಡದೈತೇನ? ದಿನಾ ಹಚ್ಚಿ ಕೇಳತೀನಿ, ದಿನಾ ನಗತೀನಿ!"

ತೃಪ್ತಿ ಅಕ್ಕುತಾಯಿಯನ್ನು ಗಟ್ಟಿಯಾಗಿ ಅಪ್ಪಿಕೊಂಡಳು. ಖುಷಿಗೆ ಅಲ್ಲೇ ಕುಣಿದಳು. ಸಮ್ಮೇದನೂ ಕುಣಿದ, ಯಾಕೆಂದು ಸರಿಯಾಗಿ ತಿಳಿಯದ ಅಕ್ಕುತಾಯಿಯೂ ಕೂತಲ್ಲೇ ಕೈ ತಟ್ಟಿದಳು.

ಒಡಪನ್ನು ಮತ್ತೆ ಅವ್ವನ ಫೋನಿಗೆ ಕಳಿಸಿಕೊಂಡು ಮನೆಗೆ ಬಂದ ಮೇಲೆ ಸಮ್ಮೇದ ಮೇಷ್ಟ್ರಾದ. "ಮೊದಲ ಕಾಪಿ ಮಾಡು. ಕಾಪಿಗಷ್ಟ ಕತ್ತರಿ ಹಾಕು, ಒರಿಜಿನಲ್ ಮುಟ್ಟಬ್ಯಾಡ. ಸಣ್ಣ ಸೈಜ್ ಒತ್ತಬ್ಯಾಡ, 'ಒರಿಜಿನಲ್ ಕ್ವಾಲಿಟಿ' ಒತ್ತು. ಹಿಂದ ಮುಂದ ಒಂದ ಸಲ ಕತ್ತರಿಸು, ಒಂದ ಸಲ ಸೇವ್ ಮಾಡು. ಮುಗೀತು."

ತೃಪ್ತಿ ಇಯರ್‌ಫೋನ್ ಹಾಕಿಕೊಂಡಳು. ಆಯಿಯ ದನಿ ಗಟ್ಟಿಯಾಗಿ, ಎದುರಿಗೇ ಕೂತು ಹೇಳಿದಷ್ಟು ಸ್ವಚ್ಛವಾಗಿ ಬಂತು. "ನಕ್ಕರ ಖಾಸ" ಆಯಿತು. ಚಪ್ಪಟೆ ಗೆರೆ ಬಂತು.

ಆದರೆ ಅದು ಖಾಲಿ ಇರಲಿಲ್ಲ! ಬಳೆ ಸಣ್ಣಗೆ ಸದ್ದು ಮಾಡಿದವು. ಯಾರೋ ನಗು ತಡೆದುಕೊಂಡರು. "ಹೇಳ, ಹೇಳ" ಎಂದು ಅಕ್ಕುತಾಯಿ ಪಿಸುಗುಟ್ಟಿದಳು. ಆಮೇಲೆ ಆಯಿ ಕಿಸಕ್ಕನೆ ನಕ್ಕಳು. ಆ ನಗು ಮುದುಕಿಯದಲ್ಲ, ತೃಪ್ತಿಯ ಕ್ಲಾಸಿನ ಹುಡುಗಿಯರ ನಗುವಿನಂತಿತ್ತು. ಅದಾದ ಮೇಲೆ ಹೆಸರು.

"ಇನ್ನೂ ಉದ್ದ ಐತಿ," ಎಂದ ಸಮ್ಮೇದ. "ಆ ಸುಮ್ಮನಿದ್ದದ್ದ ತಗದ ಎರಡೂ ಕಡೆ ಜೋಡಿಸು. ಇಲ್ಲಾಂದ್ರ ಶುರುವಿನ ನಿನ್ನ ಭಾಷಣ ತಗಿ."

ಭಾಷಣ! "ನಮಸ್ಕಾರ, ನಾನು ಕುಮಾರಿ ತೃಪ್ತಿ, ಐದನೇ ತರಗತಿ" ಎಂದು ಶುರುವಾಗುವ ಅದನ್ನು ಅವಳು ಕನ್ನಡಿಯ ಮುಂದೆ ನಿಂತು ಎಷ್ಟು ಪ್ರ್ಯಾಕ್ಟೀಸ್ ಮಾಡಿದ್ದಳು! ಊರಿಗೆಲ್ಲ ತನ್ನ ಹೆಸರೂ ಕೇಳುತ್ತದೆಂದು ಗೆಳತಿಯರಿಗೆಲ್ಲ ಹೇಳಿಯೂ ಆಗಿತ್ತು. ಮತ್ತೊಮ್ಮೆ ಆ ಚಪ್ಪಟೆ ಗೆರೆಯನ್ನು ಕೇಳಿದಳು. ಆಮೇಲೆ ಕತ್ತರಿಯನ್ನು ಎಳೆದು ತಂದು ಕುಮಾರಿ ತೃಪ್ತಿಯನ್ನು ಪೂರ್ತಿ ತೆಗೆದುಹಾಕಿದಳು.

ಸಂಜೆ ಶಾಲೆಯ ಮೈದಾನ ತುಂಬಿತ್ತು. ಅಜ್ಜ ಮುಂದಿನ ಸಾಲಿನಲ್ಲಿ ಕೂತಿದ್ದ. ಆಯಿ ಹೆಂಗಸರ ಮಧ್ಯೆ, ಆದಷ್ಟು ಹಿಂದೆ. ಸ್ಪೀಕರ್ ಗರ್ ಎಂದಿತು.

"ಕಬ್ಬಿನ ಗದ್ದ್ಯಾಗ ಬೆಲ್ಲದ ವಾಸ, ದ್ರಾಕ್ಷಿ ಪಡದಾಗ ಗಿಳಿಗಳ ತ್ರಾಸ..."

ನಡುವೆ ಕುಕ್ಕರ್ ಕೂಗಿತು. ಮೈದಾನ ಗೊಳ್ಳೆಂದು ನಕ್ಕಿತು.

"ಸಿಟ್ಟ ಬಂದರ ಜೋರ, ನಕ್ಕರ ಖಾಸ..."

ಆಮೇಲೆ ಏನೂ ಇಲ್ಲ. "ಕರೆಂಟ್ ಹೋತು!" ಎಂದು ಯಾರೋ ಕೂಗಿದರು. ದೀಪಾಲಿ ಟೀಚರ್ ಲ್ಯಾಪ್‌ಟಾಪಿಗೆ ಕೈ ಹಾಕಿದರು.

"ಮುಟ್ಟಬ್ಯಾಡ್ರಿ ಟೀಚರ್!" ತೃಪ್ತಿ ಓಡಿಬಂದು ಟೀಚರ ಕೈಯನ್ನೇ ಹಿಡಿದಳು. ಸ್ಪೀಕರಿನಲ್ಲಿ ಬಳೆ ಸದ್ದಾಯಿತು. ಅಜ್ಜ ಮುಂದಕ್ಕೆ ಬಾಗಿದ. ಕಿಸಕ್ ಎಂದು ನಗು ಕೇಳಿತು.

"...ನಮ್ಮ ಅಣ್ಣಾಸಾಬ!"

ಅಬ್ಬಬ್ಬಾ, ಎಂಥ ಸೀಟಿ, ಎಂಥ ಚಪ್ಪಾಳೆ! ಆಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಕ್ಕುತಾಯಿಗೆ ಚಿವುಟಿದಳು. ಅಜ್ಜ ಟೋಪಿ ತೆಗೆದ, ಹಾಕಿದ, ಮತ್ತೆ ತೆಗೆದ.

ಮನೆಗೆ ಹೋಗುವ ದಾರಿಯಲ್ಲಿ ಆಯಿ ಎಲ್ಲರಿಗಿಂತ ಮುಂದೆ ಬಿರಬಿರನೆ ನಡೆದಳು. ಅಜ್ಜ ಬೇಕೆಂದೇ ಹಿಂದೆ ಉಳಿದು ತೃಪ್ತಿಯ ಭುಜ ತಟ್ಟಿದ.

"ಅದನ್ನ ಇನ್ನೊಮ್ಮೆ ಹಚ್ಚವಾ."

"ನಿನ್ನ ಹೆಸರ ಬರೂದಾ ಅಜ್ಜಾ?"

"ಹೆಸರ ಬರ್ಲಿ ಬಿಡು." ಅಜ್ಜ ಆಯಿ ಹೋದ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಅದಕ್ಕೂ ಮೊದಲ ಸುಮ್ಮನ ಆಗತಾಳಲ್ಲ, ಅಲ್ಲಿಂದ ಹಚ್ಚು."

ತೃಪ್ತಿಗೆ ಆ ಜಾಗವನ್ನು ಹುಡುಕಬೇಕಾಗಲಿಲ್ಲ. ಫೋನನ್ನು ಅಜ್ಜನ ಕಿವಿಗೆ ಹಿಡಿದು, ಹೆಸರು ಬರುವವರೆಗೂ ಅವಳೂ ಸುಮ್ಮನೆ ನಿಂತಳು.