ದೇಪಣ್ಣನ ಕಚ್ಚುಗಲ್ಲುಗಳು

ನಮ್ಮ ಅಜ್ಜನ ಅಜ್ಜನೂ ಇನ್ನೂ ಹುಟ್ಟಿರದ ಕಾಲದಲ್ಲಿ ಹವಳನಾಡು ಎಂಬ ರಾಜ್ಯವಿತ್ತು. ಹೇಮವರ್ಮನೆಂಬ ರಾಜ ಅದನ್ನು ಆಳುತ್ತಿದ್ದ. ಅವನ ರಾಜಧಾನಿಯಲ್ಲಿ, ಕೋಟೆಯ ಪಡುವಣ ಬಾಗಿಲ ಬಳಿ, ದೇಪಣ್ಣನೆಂಬ ಹಗ್ಗದ ವ್ಯಾಪಾರಿ ಇದ್ದ. ಮೀಸೆ ಅರ್ಧ ನರೆತಿತ್ತು, ಹೊಟ್ಟೆ ತುಸು ಮುಂದೆ ಬಂದಿತ್ತು. ಹಗಲೆಲ್ಲ ಅಂಗಡಿಯಲ್ಲಿ ಹಗ್ಗ ಮಾರುತ್ತಿದ್ದ. ಸಂಜೆಯಾದರೆ ಮನೆಯ ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಕಚ್ಚುಗಲ್ಲು ಕಟ್ಟುತ್ತಿದ್ದ.

ಕಚ್ಚುಗಲ್ಲು ಎಂದರೆ ಕಲ್ಲಲ್ಲ. ಮರದಲ್ಲಿ ಕೊರೆದು ಅರಗಿನ ಬಣ್ಣ ಕೊಟ್ಟ ಪುಟ್ಟ ಆಟಿಕೆ ಇಟ್ಟಿಗೆ. ಮೇಲೆ ಉಬ್ಬು, ಕೆಳಗೆ ಕುಳಿ. ಒಂದರ ಉಬ್ಬು ಇನ್ನೊಂದರ ಕುಳಿಯಲ್ಲಿ ಟಕ್ಕೆಂದು ಕೂತರೆ ಎರಡೂ ಕಚ್ಚಿಕೊಳ್ಳುತ್ತವೆ, ಎಳೆದರೆ ಬಿಡುತ್ತವೆ. ಪೆಟ್ಟಿಗೆ ಪೆಟ್ಟಿಗೆಯಾಗಿ ಬರುತ್ತವೆ. ಮುಚ್ಚಳದ ಮೇಲೆ ಆನೆಯ ಚಿತ್ರವಿದ್ದರೆ ಒಳಗೆ ಆನೆಗೆ ಬೇಕಾದ ಕಲ್ಲು, ಹಡಗಿನ ಚಿತ್ರವಿದ್ದರೆ ಹಡಗಿಗೆ ಬೇಕಾದ ಕಲ್ಲು. ಅವನ್ನು ಮಾಡುತ್ತಿದ್ದವಳು ಅದೇ ಬೀದಿಯ ಪಾರವ್ವ ಎಂಬ ಮುದುಕಿ.

ದೇಪಣ್ಣನ ಮನೆಯಲ್ಲಿ ಗೋಡೆಯಿಂದ ಗೋಡೆಗೆ ಹಲಗೆಗಳು, ಹಲಗೆಗಳ ಮೇಲೆಲ್ಲ ಕೋಟೆ, ರಥ, ಕುದುರೆ. ಬಿಡಿ ಕಲ್ಲುಗಳನ್ನು ಬಣ್ಣಕ್ಕೊಂದು ಮಡಕೆಯಲ್ಲಿ ಹಾಕಿಡುತ್ತಿದ್ದ. ಖಾಲಿ ಪೆಟ್ಟಿಗೆಯನ್ನೂ ಎಸೆಯುತ್ತಿರಲಿಲ್ಲ. ನವಿಲಿನ ಪೆಟ್ಟಿಗೆಗೆ ಬೇಕಾದ ನೀಲಿ ಕಲ್ಲುಗಳನ್ನು ಹುಡುಕುತ್ತ ಜಾತ್ರೆ, ಸಂತೆ, ಬಂದರು ಎಲ್ಲ ಸುತ್ತಿದ್ದ. ಒಂದು ಸಿಕ್ಕಿದರೆ ಹಬ್ಬದ ಕಳೆ ಹೊತ್ತು ಮನೆಗೆ ಬರುತ್ತಿದ್ದ.

"ಮೀಸೆ ಹಣ್ಣಾದರೂ ಆಟ ಬಿಡಲಿಲ್ಲ ನೋಡು," ಎಂದು ಬೀದಿಯವರು ನಗುತ್ತಿದ್ದರು.

ಅವನ ಹೆಂಡತಿ ಚಂದವ್ವ ಮಾತ್ರ ನಗುತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು. ಹಿಂದೊಮ್ಮೆ ದೇಪಣ್ಣನ ತಮ್ಮ ಸಿದ್ದರಸ ಹಾಲುಹೊಳೆಯಲ್ಲಿ ಮುಳುಗಿ ತೀರಿಕೊಂಡಿದ್ದ. ಆಗ ದೇಪಣ್ಣ ಅಂಗಡಿ ತೆರೆಯಲಿಲ್ಲ, ಬಾಯಿ ತೆರೆಯಲಿಲ್ಲ, ಇಟ್ಟ ಅನ್ನ ಮುಟ್ಟಲಿಲ್ಲ. ಒಂದು ದಿನ ಪಾರವ್ವ ಬಂದು ಅವನ ಮಡಿಲಲ್ಲಿ ಒಂದು ಪುಟ್ಟ ಪೆಟ್ಟಿಗೆ ಇಟ್ಟು, "ಮಗಾ, ಮನಸ್ಸು ಎಲ್ಲಿಗೋ ಹೋಗಿದೆ. ಕೈಗೆ ಕೆಲಸ ಕೊಡು, ಅದನ್ನು ಹುಡುಕಿಕೊಂಡು ಮನಸ್ಸು ಬರುತ್ತದೆ," ಎಂದಳು. ಅದರಲ್ಲಿ ಒಂದು ಎತ್ತಿನ ಗಾಡಿಗೆ ಬೇಕಾದ ಕಲ್ಲುಗಳಿದ್ದವು. ದೇಪಣ್ಣ ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ಮೂರನೆಯ ಸಲ ಗಾಡಿಗೆ ಚಕ್ರ ಕೂರಿಸಿ, "ಚಂದವ್ವಾ, ಹಸಿವಾಗುತ್ತಿದೆ," ಎಂದ. ಅಂದಿನಿಂದ ಮನೆ ತುಂಬ ಕಲ್ಲು ತುಂಬಿದರೂ ಚಂದವ್ವ ಒಂದು ಮಾತು ಆಡಲಿಲ್ಲ. ದೀಪ ಹಚ್ಚುವಾಗ ಪಾರವ್ವನ ಹೆಸರನ್ನೂ ನೆನೆಯುತ್ತಿದ್ದಳು.

ಹೀಗಿರುವಾಗ ಬಡಗಣ ಬೆಟ್ಟದಲ್ಲಿ ಬಿರುಕನೆಂಬ ಮಾಂತ್ರಿಕ ಎದ್ದ. ಕೂಡಿದ್ದನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಅವನು ಬೆಟ್ಟದ ಮೇಲೆ ನಿಂತು ದಂಡ ಬೀಸಿ, "ಬಿಡಿಬಿಡಿಯಾಗಲಿ," ಎಂದ. ಆ ಮಾಯೆ ಮಂಜಿನ ಹಾಗೆ ಇಳಿದು ಊರಿಗೆ ಬಂತು.

ಮೊದಲು ಬಿಂದಿಗೆಯ ಹಿಡಿ ಕಳಚಿತು. ಆಮೇಲೆ ಗಾಡಿಗಳ ಕೀಲು ಕಳಚಿದವು, ಬಾಗಿಲುಗಳು ಮಲಗಿದವು. ದೇಪಣ್ಣನ ಅಂಗಡಿಯ ಹಗ್ಗವೆಲ್ಲ ನಾರುನಾರಾಗಿ ರಾಶಿ ಬಿತ್ತು. ರಾಜ ಸೈನ್ಯ ಕಳಿಸಿದ. ದಾರಿಯಲ್ಲೇ ಈಟಿಯ ತಲೆ ಉದುರಿತು, ಕುದುರೆಯ ಜೀನು ಜಾರಿತು. ಸೈನಿಕರು ಬರಿಗಾಲಲ್ಲಿ ಹಿಂದೆ ಬಂದರು. ಕಡೆಗೆ ಮಾಯೆ ಮನುಷ್ಯರಿಗೂ ತಗುಲಿತು. ಅಣ್ಣ ತಮ್ಮನನ್ನು ಮರೆತ. ತಾಯಿ ಮಗುವನ್ನು ನೋಡಿ, "ಯಾರದಪ್ಪ ಈ ಕೂಸು?" ಎಂದು ಕೇಳಿದಳು.

ಒಂದು ಬೆಳಗ್ಗೆ ದೇಪಣ್ಣ ಅಡುಗೆಮನೆಗೆ ಬಂದಾಗ ಚಂದವ್ವ ಸೆರಗು ಸರಿಮಾಡಿಕೊಂಡು ದೂರ ನಿಂತಳು.

"ಯಾರು ನೀವು? ಏನು ಬೇಕಿತ್ತು?"

"ನಾನು ಕಣೇ, ದೇಪಣ್ಣ."

"ಆ ಹೆಸರಿನವರು ಯಾರೂ ನನಗೆ ಗೊತ್ತಿಲ್ಲ. ಬಾಯಾರಿದ್ದರೆ ನೀರು ಕೊಡುತ್ತೇನೆ, ಕುಡಿದು ಹೋಗಿ."

ದೇಪಣ್ಣ ನೀರು ಕುಡಿದ. ಹೊರಗೆ ಬಂದು ಜಗಲಿಯಲ್ಲಿ ಕೂತ. ಅಲ್ಲಿ ಅವನು ನಿನ್ನೆ ಕಟ್ಟಿದ ಕಚ್ಚುಗಲ್ಲಿನ ಕೋಟೆ ಹಾಗೇ ನಿಂತಿತ್ತು. ರಾಜನ ಕೋಟೆಯ ಗೋಡೆ ಜಾರಿದ್ದರೂ ಅವನ ಕೋಟೆಯ ಒಂದು ಕಲ್ಲೂ ಅಲುಗಿರಲಿಲ್ಲ.

ಅವನು ಓಡಿಹೋಗಿ ಪಾರವ್ವನನ್ನು ಕೇಳಿದ. ಮುದುಕಿಯ ಸೊಂಟದಲ್ಲೂ ಒಂದು ಹಿಡಿ ಕಲ್ಲು ಇದ್ದವು, ದೇಪಣ್ಣನ ಸೊಂಟದಲ್ಲೂ ಇದ್ದವು. ಅದಕ್ಕೇ ಇಬ್ಬರಿಗೂ ನೆನಪು ಉಳಿದಿತ್ತು.

"ಬಿಚ್ಚುವ ಮಾಯೆ ಬಿಚ್ಚಲು ಹೆದರುವುದನ್ನು ಹಿಡಿಯುತ್ತದೆ, ಮಗಾ," ಎಂದಳು ಪಾರವ್ವ. "ಕಚ್ಚುಗಲ್ಲು ಹುಟ್ಟಿದ್ದೇ ಕಟ್ಟಿ ಬಿಚ್ಚಲಿಕ್ಕೆ. ಅದಕ್ಕೆ ಯಾವ ಹೆದರಿಕೆ?"

"ಹಾಗಾದರೆ ಒಂದು ಕಲ್ಲು ಚಂದವ್ವನ ಕೈಗೆ ಕೊಟ್ಟರೆ?"

"ಬಿಟ್ಟುಹೋದದ್ದನ್ನು ಅದು ಕೂಡಿಸದು. ಬಿರುಕನ ಮಾಯೆಯೇ ಮುರಿಯಬೇಕು. ನಿನ್ನ ಕಲ್ಲುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೊರಡು. ಆದರೆ ಒಂದು ಮಾತು ತಿಳಿದಿರಲಿ. ಈ ಕಲ್ಲನ್ನು ನಿನಗಾಗಿ ಕಟ್ಟಿದರೆ ಆಟಿಕೆ. ಇನ್ನೊಬ್ಬರ ಕಷ್ಟಕ್ಕಾಗಿ ಕಟ್ಟಿದರೆ ಬೇಕಾದಷ್ಟು ದೊಡ್ಡದಾಗುತ್ತದೆ. ಹಾಗೆ ದೊಡ್ಡದಾದದ್ದು ಮತ್ತೆ ನಿನ್ನ ಹಲಗೆಗೆ ಬಾರದು."

ದೇಪಣ್ಣ ಮನೆಗೆ ಬಂದು ಹಲಗೆಗಳ ಮೇಲಿದ್ದದ್ದನ್ನೆಲ್ಲ ಬಿಚ್ಚಿದ. ಒಂದೊಂದನ್ನು ಬಿಚ್ಚುವಾಗಲೂ, "ಇಷ್ಟು ದಿನ ಕಣ್ಣಿಗೆ ತಂಪಾಗಿದ್ದೆ, ನಿನ್ನ ಉಪಕಾರ ದೊಡ್ಡದು," ಎಂದ. ಯಾರೋ ಪರಪುರುಷ ಏನೋ ತುಂಬಿಕೊಳ್ಳುತ್ತಿದ್ದಾನೆ ಎಂದುಕೊಂಡ ಚಂದವ್ವ ಬಾಗಿಲ ಸಂದಿಯಿಂದ ನೋಡುತ್ತ ನಿಂತಳು. ಆದರೂ ಹೊರಡುವಾಗ, "ದೂರದ ದಾರಿ ಇರಬೇಕು," ಎಂದು ರೊಟ್ಟಿಯ ಗಂಟು ಕೊಟ್ಟಳು. ಅವಳ ಗುಣ ಅವಳನ್ನು ಬಿಟ್ಟಿರಲಿಲ್ಲ. ದೇಪಣ್ಣ ಅದನ್ನು ಕಣ್ಣಿಗೊತ್ತಿಕೊಂಡು ಹೊರಟ.

ನಡೆದ, ನಡೆದ, ಹಾಲುಹೊಳೆಗೆ ಬಂದ. ಹೊಳೆಯ ಸೇತುವೆ ಕಲ್ಲುಕಲ್ಲಾಗಿ ನೀರಿಗೆ ಬಿದ್ದಿತ್ತು. ಅಲ್ಲಿ ಮಾಯೆ ಜನರ ನೆನಪನ್ನು ಇನ್ನೂ ಮುಟ್ಟಿರಲಿಲ್ಲ. ಈಚೆ ದಡದಲ್ಲಿ ಜನ, ಆಚೆ ದಡದಲ್ಲಿ ಜನ. ಒಬ್ಬ ಹೆಂಗಸು ಸೊಂಟದ ತನಕ ನೀರಿಗೆ ಇಳಿದಿದ್ದಳು.

"ತಾಯಿ, ಹಿಂದೆ ಬಾ. ಮಡುವಿದೆ," ಎಂದು ದೇಪಣ್ಣ ಕೂಗಿದ.

"ನನ್ನ ತಂಗಿ ಆ ದಡದಲ್ಲಿ ಹೆರಿಗೆಗೆ ಕೂತಿದ್ದಾಳೆ. ನಾನು ಹೋಗದೆ ಇರಲಾರೆ," ಎಂದಳು ಅವಳು.

ಅವನ ತಮ್ಮನನ್ನು ಎಳೆದುಕೊಂಡ ಹೊಳೆ ಅದೇ. ಅಷ್ಟು ವರ್ಷ ಅವನು ಆ ನೀರಿನ ಕಡೆ ನೋಡಿರಲೇ ಇಲ್ಲ. ಈಗ ನೋಡಿದ. ದಡದಲ್ಲಿ ಕೂತು, ಕೋಟೆ, ರಥ, ಹಡಗುಗಳ ಕಲ್ಲನ್ನೆಲ್ಲ ಸುರಿದು ಕಟ್ಟತೊಡಗಿದ. ಟಕ್, ಟಕ್, ಟಕ್. ಅಂಗೈಯಗಲದ ಸೇತುವೆ ಮೊದಲು ಮೊಳದಷ್ಟಾಯಿತು, ಆಮೇಲೆ ಮಾರುದ್ದವಾಯಿತು, ಆಮೇಲೆ ಹೊಳೆಯ ಮೇಲೆ ಕಮಾನಿನಂತೆ ಬಾಗಿ ಆಚೆ ದಡ ಮುಟ್ಟಿತು. ಕೆಂಪು, ಹಳದಿ, ಹಸಿರು ಬಣ್ಣದ ಸೇತುವೆ. ಆ ಹೆಂಗಸು ಓಡುತ್ತ ದಾಟಿದಳು. ದಾಟುವಾಗ ತಿರುಗಿ, "ಅಣ್ಣಾ, ನಿನ್ನ ಹೊಟ್ಟೆ ತಣ್ಣಗಿರಲಿ," ಎಂದಳು.

ದೇಪಣ್ಣನೂ ದಾಟಿದ. ನಡುವೆ ಒಂದು ಗಳಿಗೆ ನಿಂತು ನೀರು ನೋಡಿ, "ಸಿದ್ದರಸಾ, ಇನ್ನು ಇಲ್ಲಿ ಯಾರೂ ಮುಳುಗರು," ಎಂದ. ಚೀಲದ ಮುಕ್ಕಾಲು ಭಾಗ ಖಾಲಿಯಾಗಿತ್ತು.

ನಡೆದ, ನಡೆದ, ಬೆಟ್ಟದ ಕಣಿವೆಗೆ ಬಂದ. ಅಲ್ಲಿ ಒಂದು ಯಾಳಿ ದಾರಿಗೆ ಅಡ್ಡವಾಗಿ ಮಲಗಿತ್ತು. ಸಿಂಹದ ಮೈ, ಆನೆಯ ಸೊಂಡಿಲು, ಕೆಂಡದಂಥ ಕಣ್ಣು. ಅದರ ಮುಂಗಾಲೊಂದು ಮಾಯೆಗೆ ಕಳಚಿ ಬಿದ್ದು ಮಣ್ಣಾಗಿತ್ತು.

"ಹತ್ತಿರ ಬಂದರೆ ತಿನ್ನುತ್ತೇನೆ," ಎಂದಿತು ಯಾಳಿ.

"ನೋವು ತುಂಬ ಇದೆಯೇ?" ಎಂದ ದೇಪಣ್ಣ.

ಯಾಳಿ ಎತ್ತಿದ್ದ ಸೊಂಡಿಲನ್ನು ಕೆಳಗಿಳಿಸಿತು. ಆಮೇಲೆ ಮೆಲ್ಲಗೆ, "ಇದೆ. ಅದನ್ನು ಇಲ್ಲಿಯತನಕ ಯಾರೂ ಕೇಳಲಿಲ್ಲ," ಎಂದಿತು.

ಚೀಲದಲ್ಲಿ ಉಳಿದದ್ದು ನವಿಲಿನ ನೀಲಿ ಕಲ್ಲುಗಳು ಮತ್ತು ಮೊದಲ ಗಾಡಿಯ ಪೆಟ್ಟಿಗೆ. ಆ ನೀಲಿಗಾಗಿ ಅವನು ಅಲೆದ ಊರುಗಳೆಷ್ಟು. ನವಿಲು ಮುಗಿಯಲು ಒಂದೇ ಒಂದು ಗರಿ ಬಾಕಿಯಿತ್ತು. ದೇಪಣ್ಣ ಕಲ್ಲುಗಳನ್ನು ಕೈಯಲ್ಲಿ ಹಿಡಿದು ಕೊಂಚ ಹೊತ್ತು ಕೂತ. ಅವನಿಗೆ ಸಂಕಟವಾಗದೆ ಇರಲಿಲ್ಲ. ಆದರೆ ಯಾಳಿ ಹಲ್ಲು ಕಚ್ಚಿ ನರಳುತ್ತಿತ್ತು. ಅವನು ಪಂಜ ಕಟ್ಟಿದ, ಮಂಡಿ ಕಟ್ಟಿದ, ತೊಡೆ ಕಟ್ಟಿ ಹೆಗಲಿಗೆ ಕೂಡಿಸಿದ. ನೀಲಿ ಕಾಲು ಬೆಳೆದು ಯಾಳಿಯ ಮೈಗೆ ಸರಿಯಾಗಿ ಕಚ್ಚಿಕೊಂಡಿತು.

ಯಾಳಿ ಎದ್ದು ನಿಂತಿತು, ಒಂದು ಹೆಜ್ಜೆ ಇಟ್ಟಿತು, ಆಮೇಲೆ ಕುಣಿಯಿತು.

"ಇಷ್ಟು ಚಂದದ್ದನ್ನು ನನಗೆ ಏಕೆ ಕೊಟ್ಟೆ?"

"ನಾನೂ ಒಂದು ಕಾಲದಲ್ಲಿ ಬಿದ್ದಿದ್ದೆ. ಒಬ್ಬರು ಬಂದು ಎಬ್ಬಿಸಿದರು," ಎಂದ ದೇಪಣ್ಣ.

ಯಾಳಿ ಸೊಂಡಿಲಿನಿಂದ ಅವನನ್ನೆತ್ತಿ ಬೆನ್ನ ಮೇಲೆ ಕೂರಿಸಿಕೊಂಡು, ಮನುಷ್ಯರು ಹತ್ತಲಾರದ ಕಡಿದಾದ ಬೆಟ್ಟವನ್ನು ಹತ್ತಿತು.

ಬೆಟ್ಟದ ತುದಿಯಲ್ಲಿ ಬಿರುಕನ ಮನೆ. ಒಂದೇ ಬಂಡೆಯನ್ನು ಕೊರೆದು ಮಾಡಿದ ಗವಿ. ಬಾಗಿಲಿಲ್ಲ, ಕಿಟಕಿಯಿಲ್ಲ, ಒಂದಕ್ಕೊಂದು ಸೇರಿದ್ದು ಏನೂ ಇಲ್ಲ. ಒಳಗೆ ಚಳಿ. ಬಿರುಕ ಕಲ್ಲಿನ ಮೇಲೆ ಒಬ್ಬನೇ ಕೂತಿದ್ದ. ಅವನ ಗುರು ಅವನಿಗೆ ಮಾಯೆ ಕೊಡುವಾಗ ಒಂದು ಕಟ್ಟಳೆ ಹಾಕಿದ್ದ: ನಿನ್ನ ಕೈಯಾರೆ ಎಂದೂ ಎರಡನ್ನು ಒಂದು ಮಾಡಬೇಡ, ಮಾಡಿದ ದಿನ ಮಾಯೆ ತೀರಿತು. ಅದಕ್ಕೇ ಅವನು ಅನ್ನಕ್ಕೆ ಸಾರು ಕೂಡ ಕಲಸಿ ಉಂಡವನಲ್ಲ.

"ಏಕೆ ಬಂದೆ?" ಎಂದ ಬಿರುಕ.

"ನನ್ನ ಹೆಂಡತಿ ನನ್ನನ್ನು ಮರೆತಿದ್ದಾಳೆ. ಮಾಯೆ ಹಿಂದೆ ತೆಗೆಯಿರಿ ಎಂದು ಕೇಳಲು ಬಂದೆ."

ಬಿರುಕ ನಕ್ಕ. "ನಾನು ಒಡೆಯಲಾರದ್ದನ್ನು ಒಂದು ಕಟ್ಟಿ ತೋರಿಸು, ತೆಗೆಯುತ್ತೇನೆ. ಸೋತರೆ ನಿನ್ನ ಹತ್ತು ಬೆರಳನ್ನೂ ಬಿಡಿಸಿ ಇಡುತ್ತೇನೆ."

ದೇಪಣ್ಣ ಉಳಿದ ಕಲ್ಲಿನಿಂದ ಪುಟ್ಟ ಎತ್ತಿನ ಗಾಡಿ ಕಟ್ಟಿದ. ಬಿರುಕ ದಂಡ ಬೀಸಿದ. ಗಾಡಿ ಅಲುಗಲಿಲ್ಲ. ಮತ್ತೆ ಬೀಸಿದ, ಅಲುಗಲಿಲ್ಲ.

"ಇದು ದಂಡಕ್ಕೆ ಬಿಚ್ಚುವುದಿಲ್ಲ, ಸ್ವಾಮಿ. ಕೈಯಿಂದ ಎಳೆದರೆ ಬಿಚ್ಚುತ್ತದೆ," ಎಂದ ದೇಪಣ್ಣ. ಸುಳ್ಳು ಹೇಳುವುದು ಅವನಿಗೆ ತಿಳಿಯದು.

ಬಿರುಕ ಗಾಡಿಯನ್ನು ಕೈಗೆ ತೆಗೆದುಕೊಂಡು ಎಳೆದು ಬಿಚ್ಚಿ ಎಸೆದ. "ಸೋತೆ. ಬೆರಳು ಚಾಚು."

"ಚಾಚುತ್ತೇನೆ. ಅದಕ್ಕೆ ಮುಂಚೆ ಇನ್ನೊಂದು ಕಟ್ಟಲೇ? ಬೆರಳು ಇರುವಷ್ಟು ಹೊತ್ತು."

ಬಿರುಕನಿಗೆ ಸೋಜಿಗವಾಯಿತು. ಸರಿ ಎಂದ. ದೇಪಣ್ಣ ಅವೇ ಕಲ್ಲುಗಳಿಂದ ಒಂದು ಕೊಕ್ಕರೆ ಕಟ್ಟಿದ. ಬಿರುಕ ಬಿಚ್ಚಿದ. ದೇಪಣ್ಣ ಒಂದು ದೋಣಿ ಕಟ್ಟಿದ. ಬಿರುಕ ಅದನ್ನೂ ಬಿಚ್ಚಿದ. ಆದರೆ ಈ ಸಲ ಎಸೆಯಲಿಲ್ಲ, ಕಲ್ಲುಗಳನ್ನು ಕೆಳಗಿಟ್ಟ.

"ನೀನು ಕಟ್ಟಿದ್ದನ್ನೆಲ್ಲ ನಾನು ಹಾಳು ಮಾಡುತ್ತಿದ್ದೇನೆ. ನೀನು ಅಳುತ್ತಿಲ್ಲ ಏಕೆ?"

"ಬಿಚ್ಚದಿದ್ದರೆ ಮುಂದಿನದನ್ನು ಯಾವುದರಿಂದ ಕಟ್ಟಲಿ? ನೀವು ನನ್ನ ಅರ್ಧ ಕೆಲಸ ಮಾಡಿಕೊಡುತ್ತಿದ್ದೀರಿ. ನಿಮ್ಮ ಉಪಕಾರ."

ಬಿರುಕನಿಗೆ ಆ ಮಾತನ್ನು ಯಾರೂ ಎಂದೂ ಆಡಿರಲಿಲ್ಲ. ಅವನು ದಂಡವನ್ನು ಪಕ್ಕಕ್ಕಿಟ್ಟು ಹತ್ತಿರ ಸರಿದು ಕೂತ.

ದೇಪಣ್ಣ ಸುತ್ತ ನೋಡಿದ. ಬಾಗಿಲಿಲ್ಲದ ಆ ಚಳಿಯ ಗವಿಯನ್ನು ಕಂಡು ಅವನಿಗೆ ಕನಿಕರವಾಯಿತು. "ಈ ಸಲ ನಿಮಗಾಗಿ ಒಂದು ಮನೆ ಕಟ್ಟುತ್ತೇನೆ," ಎಂದ. ಗೋಡೆ ಕಟ್ಟಿದ, ಕಿಟಕಿ ಇಟ್ಟ, ಬಾಗಿಲು ಕೂರಿಸಿದ. ದಣಿದ ಬೆರಳುಗಳಿಂದ ಕೊನೆಯ ಕಲ್ಲು, ಮಾಡಿನ ಮೇಲಿನ ಕೆಂಪು ಕಲ್ಲು, ಜಾರಿ ಬಿರುಕನ ಕಾಲ ಬಳಿ ಬಿತ್ತು.

"ಅದು ಇಲ್ಲಿ ಕೂರಬೇಕಲ್ಲವೇ?" ಎಂದ ಬಿರುಕ, ಮಾಡಿನ ತೂತನ್ನು ತೋರಿಸಿ.

"ಹೌದು. ನಿಮ್ಮ ಮನೆ. ಬೇಕಿದ್ದರೆ ನೀವೇ ಇಡಿ."

ಬಿರುಕ ಕಲ್ಲನ್ನು ಎತ್ತಿಕೊಂಡ. ಗುರುವಿನ ಕಟ್ಟಳೆ ಅವನಿಗೆ ನೆನಪಿತ್ತು. ಕೈ ಹಿಂದೆ ತೆಗೆದ, ಮತ್ತೆ ಮುಂದೆ ತಂದ. ಬಹಳ ಹೊತ್ತು ಹಾಗೇ ಹಿಡಿದಿದ್ದ. ದೇಪಣ್ಣ ಅವಸರ ಮಾಡಲಿಲ್ಲ. ಕೊನೆಗೆ ಬಿರುಕ ಕಲ್ಲನ್ನು ಮಾಡಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದ.

ಟಕ್.

ದಂಡ ಬೂದಿಯಾಯಿತು. ಬಂಡೆಯ ಗವಿ ಕರಗಿಹೋಯಿತು. ಪುಟ್ಟ ಮನೆ ಬೆಳೆದು, ಇಬ್ಬರನ್ನೂ ಒಳಗೆ ಮಾಡಿಕೊಂಡು, ಬಿಸಿಲು ಬೀಳುವ ಕಿಟಕಿಯ ಮನೆಯಾಯಿತು. ಮಾಂತ್ರಿಕ ಇದ್ದ ಜಾಗದಲ್ಲಿ ಒಬ್ಬ ಸಾಮಾನ್ಯ ಮುದುಕ ತನ್ನ ಹೆಬ್ಬೆರಳನ್ನೇ ನೋಡುತ್ತ ಕೂತಿದ್ದ.

"ನನ್ನ ಬಲವೆಲ್ಲ ಹೋಯಿತು," ಎಂದ. ಸ್ವಲ್ಪ ಹೊತ್ತಿನ ಮೇಲೆ, "ಆದರೆ ಆ ಸದ್ದು ಚೆನ್ನಾಗಿತ್ತು," ಎಂದ.

ಹವಳನಾಡಿನಲ್ಲಿ ಬಾಗಿಲುಗಳೆದ್ದು ನಿಂತವು. ಗಾಡಿಗೆ ಕೀಲು ಸೇರಿತು, ಮಡಿಲಿಗೆ ಮಗು ಸೇರಿತು. ದೇಪಣ್ಣ ಯಾಳಿಯ ಬೆನ್ನ ಮೇಲೆ ಊರಿಗೆ ಬಂದಾಗ ಚಂದವ್ವ ಬೀದಿಯಲ್ಲೇ ಕಾದು ನಿಂತಿದ್ದಳು.

"ನಿಮ್ಮನ್ನು ಯಾರು ಎಂದು ಕೇಳಿಬಿಟ್ಟೆನಲ್ಲ," ಎಂದು ಅತ್ತಳು.

"ಕೇಳಿದೆ. ನೀರೂ ಕೊಟ್ಟೆ, ರೊಟ್ಟಿಯನ್ನೂ ಕೊಟ್ಟೆ," ಎಂದ ದೇಪಣ್ಣ. "ಗುರುತಿಲ್ಲದವನಿಗೇ ಅಷ್ಟು ಮಾಡಿದವಳನ್ನು ಪಡೆದದ್ದಕ್ಕೆ ನಾನು ಯಾರಿಗೆ ಕೈ ಮುಗಿಯಲಿ ಎಂದು ದಾರಿಯುದ್ದಕ್ಕೂ ಯೋಚಿಸಿದೆ."

ಇಬ್ಬರೂ ಹೋಗಿ ಪಾರವ್ವನ ಕಾಲಿಗೆ ಬಿದ್ದರು. ರಾಜ ಹೇಮವರ್ಮ ಬಂದು ಏನು ಬೇಕೆಂದು ಕೇಳಿದ. "ಪಾರವ್ವನ ಕಣ್ಣು ಮಂದವಾಗುತ್ತಿದೆ, ಅವಳ ವಿದ್ಯೆ ಕಲಿಯುವವರು ಬೇಕು," ಎಂದ ದೇಪಣ್ಣ. ರಾಜ ಅವಳ ಮನೆಯ ಪಕ್ಕದಲ್ಲೇ ದೊಡ್ಡ ಕಮ್ಮಟ ಕಟ್ಟಿಸಿಕೊಟ್ಟ. ಆಮೇಲೆ ಸಂಕೋಚದಿಂದ, "ನನಗೂ ಒಂದು ಪೆಟ್ಟಿಗೆ ಸಿಗಬಹುದೇ?" ಎಂದು ಕೇಳಿದ. ಜಗಲಿಯ ಮೇಲೆ ಕೂತು ಅವನು ಕಟ್ಟಿದ ಆನೆಗೆ ಸೊಂಡಿಲು ಬಾಲದ ಕಡೆ ಬಂತು. ಹಿಂದೆ ದೇಪಣ್ಣನನ್ನು ನೋಡಿ ನಕ್ಕವರು ಯಾರೂ ನಗಲಿಲ್ಲ. ಅವರೂ ಸರದಿಗೆ ಕಾಯುತ್ತಿದ್ದರು. ಬೆಟ್ಟದ ಮುದುಕ ಬಿರುಕ ಕಮ್ಮಟದಲ್ಲಿ ಕಲ್ಲಿಗೆ ಅರಗು ಬಳಿಯುವ ಕೆಲಸಕ್ಕೆ ಸೇರಿದ.

ದೇಪಣ್ಣನ ಹಲಗೆಗಳು ಮಾತ್ರ ಖಾಲಿಯಾಗಿದ್ದವು. ಚಂದವ್ವ ಅವನ್ನು ಒರೆಸಿ, ಪಾರವ್ವ ಕೊಟ್ಟ ಹೊಸ ಪೆಟ್ಟಿಗೆಯೊಂದನ್ನು ತಂದು ಇಬ್ಬರ ನಡುವೆ ಇಟ್ಟಳು. ಮುಚ್ಚಳದ ಮೇಲೆ ಯಾವ ಚಿತ್ರವೂ ಇರಲಿಲ್ಲ.

"ಏನು ಕಟ್ಟೋಣ?" ಎಂದಳು.

"ನೀನು ಹೇಳು," ಎಂದ ದೇಪಣ್ಣ.

ಅವಳು ಹೇಳಿದಳು, ಅವನು ಕಟ್ಟಿದ. ಅವನು ಹೇಳಿದ, ಅವಳು ಕಟ್ಟಿದಳು. ಹವಳನಾಡಿನ ಜನ ಬಣ್ಣದ ಸೇತುವೆಯ ಮೇಲೆ ಓಡಾಡುತ್ತ, ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗುತ್ತ ಬಹುಕಾಲ ಸುಖವಾಗಿದ್ದರು. ಕತೆ ಹೇಳಿದವರಿಗೂ ಕೇಳಿದವರಿಗೂ ಅಂಥದೇ ಸುಖ ಸಿಗಲಿ.